ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ಹೊಸ ಆಲೋಚನೆ ಎಲ್ಲಿ ಸಿಗುತ್ತದೆ, ಸಿಕ್ಕಿದ್ದನ್ನು ಬರೆದಿಡುವುದು ಹೇಗೆ?

ಪ್ರಶ್ನೆ: ಅಂತಿಮ ವರ್ಷದ ವಿದ್ಯಾರ್ಥಿ, ತಿಪಟೂರು

ಎಲ್ಲರಿಗೂ ನಮಸ್ಕಾರ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮದು ನಾಲ್ವರ ತಂಡ. ಪ್ರಾಜೆಕ್ಟಿನ ವಿಷಯವನ್ನು ಗೊತ್ತುಮಾಡಿಕೊಂಡು ಸಾರಾಂಶ ಒಪ್ಪಿಸಲು ಇನ್ನು ಏಳು ವಾರಗಳಷ್ಟೇ ಉಳಿದಿವೆ. ಇದುವರೆಗೆ ನಾವು ಗೈಡ್ ಅವರ ಮುಂದಿಟ್ಟ ನಾಲ್ಕು ವಿಷಯಗಳೂ ಹಿಂದಕ್ಕೆ ಬಂದಿವೆ. ಮಣ್ಣಿನ ತೇವ ನೋಡಿ ಗಿಡಕ್ಕೆ ತಾನೇ ನೀರು ಬಿಡುವ ವ್ಯವಸ್ಥೆ, ಕೈ ಚಾಚಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ದೃಷ್ಟಿಹೀನರಿಗೆ ಸೆನ್ಸರ್ ಅಳವಡಿಸಿದ ಕೋಲು, ಸೂರ್ಯನ ಕಡೆಗೆ ತಿರುಗುವ ಸೌರಫಲಕ, ಇವೇ ಆ ನಾಲ್ಕು. “ಇವನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ಇದರಲ್ಲಿ ನೀವಾಗಿ ಕಂಡುಕೊಂಡದ್ದು ಏನಿದೆ?” ಎಂದು ಅವರು ಕೇಳಿದಾಗ ನಮ್ಮಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ.

ಸಿದ್ಧ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಯಿಂದ ಒಂದನ್ನು ಕೊಂಡುಬಿಡೋಣ ಎಂದು ತಂಡದ ಇಬ್ಬರು ಹೇಳುತ್ತಿದ್ದಾರೆ. ನನಗೆ ಅದು ಇಷ್ಟವಿಲ್ಲ. ನಾಲ್ಕು ವರ್ಷ ಓದಿದ ಮೇಲೆ ಒಂದನ್ನಾದರೂ ನಾವೇ ಯೋಚಿಸಿ, ನಮ್ಮ ಕೈಯಾರೆ ಮಾಡಬೇಕೆಂಬ ಆಸೆಯಿದೆ.

ನನ್ನ ಪ್ರಶ್ನೆಗಳು ಮೂರು. ಮೊದಲನೆಯದು, ಹೊಸ ಆಲೋಚನೆಗಾಗಿ ಎಲ್ಲಿ ಹುಡುಕಬೇಕು? ಅಂತರಜಾಲದಲ್ಲಿ ಹುಡುಕಿದಷ್ಟೂ ಹಿಂದೆ ಯಾರೋ ಮಾಡಿ ಮುಗಿಸಿದ್ದೇ ಎದುರಾಗುತ್ತದೆ. ಎರಡನೆಯದು, ಬಸ್ಸಿನಲ್ಲಿ ಕುಳಿತಾಗಲೋ ರಾತ್ರಿ ಮಲಗುವ ಹೊತ್ತಿಗೋ ಏನಾದರೊಂದು ಹೊಳೆದರೂ ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಉಳಿದ ಸಂದೇಶಗಳ ನಡುವೆ ಮುಳುಗಿಹೋಗುತ್ತದೆ. ಇದನ್ನು ಕ್ರಮವಾಗಿ ಬರೆದಿಡುವುದು ಹೇಗೆ? ಮೂರನೆಯದು, ಬರೆದರೆ ಅಥವಾ ಹೇಳಿದರೆ ಬೇರೆಯವರು ಕದಿಯುತ್ತಾರೆ ಎಂದು ಸೀನಿಯರ್ ಒಬ್ಬರು ಎಚ್ಚರಿಸಿದ್ದಾರೆ. ಅದು ನಿಜವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಪ್ರಾಧ್ಯಾಪಕ, ದಾವಣಗೆರೆ

ನಿಮ್ಮ ಗೈಡ್ ಕೇಳಿದ ಪ್ರಶ್ನೆ ಸರಿಯಾದದ್ದು. ಅವರನ್ನು ತಪ್ಪು ತಿಳಿಯಬೇಡಿ. ನೀವು ಪಟ್ಟಿ ಮಾಡಿದ ನಾಲ್ಕೂ ಉತ್ತರಗಳು, ಅವುಗಳ ಹಿಂದೆ ನೀವು ಕಣ್ಣಾರೆ ಕಂಡ ಪ್ರಶ್ನೆ ಒಂದೂ ಇಲ್ಲ. ಸೆನ್ಸರ್ ಕೈಯಲ್ಲಿದೆ, ಇದನ್ನು ಎಲ್ಲಿ ಅಂಟಿಸೋಣ ಎಂದು ಹೊರಟರೆ ಎಲ್ಲರೂ ಅದೇ ಕಸದ ಡಬ್ಬಿಗೆ ಬಂದು ನಿಲ್ಲುತ್ತಾರೆ. ಆಲೋಚನೆಯನ್ನು ಹುಡುಕುವುದನ್ನು ಕೆಲವು ದಿನ ಬಿಟ್ಟು, ಜನ ಎಲ್ಲಿ ಪೇಚಾಡುತ್ತಿದ್ದಾರೆ ಎಂಬುದನ್ನು ನೋಡಿ ಬರೆಯಲು ಆರಂಭಿಸಿ. ಹುಡುಕುವುದು ಮತ್ತು ಬರೆದಿಡುವುದು ಎರಡು ಬೇರೆ ಕೆಲಸಗಳೆಂದು ನೀವು ಕೇಳಿದ್ದೀರಿ. ಮೂವತ್ತೆರಡು ವರ್ಷ ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನು ನೋಡಿಕೊಂಡ ನನ್ನ ಅನುಭವದಲ್ಲಿ ಅವೆರಡೂ ಒಂದೇ ಕೆಲಸ. ಬರೆಯುತ್ತಾ ಹೋದಂತೆ ಕಾಣಿಸುತ್ತದೆಯೇ ಹೊರತು, ಕಂಡ ಮೇಲೆ ಬರೆಯುವೆನೆಂದರೆ ಏನೂ ಕಾಣಿಸುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳು ಬಹಳ. ಒಮ್ಮೆ ಮೂವರು ವಿದ್ಯಾರ್ಥಿಗಳನ್ನು ಒಂದು ಭಟ್ಟಿಗೆ ಕಳುಹಿಸಿದೆ. ಮೊದಲ ದಿನ ಅವರು ಬರೆದುಕೊಂಡು ಬಂದದ್ದು ಒಂದೇ ಸಾಲು: “ಒಳಗೆ ತುಂಬಾ ಸೆಕೆ, ಹೊಗೆ ಇದೆ, ಕೂಲಿಕಾರರಿಗೆ ತೊಂದರೆ.” ಇದು ದಾರಿಹೋಕರಿಗೂ ಗೊತ್ತಿರುವ ಮಾತು. ಮತ್ತೆ ಕಳುಹಿಸಿದೆ. ಗಡಿಯಾರ ಮತ್ತು ಟೇಪು ಹಿಡಿದು ಒಂದು ಮೂಲೆಯಲ್ಲಿ ಎರಡು ಗಂಟೆ ಕೂರಬೇಕು, ಕಂಡದ್ದನ್ನೆಲ್ಲ ಸಂಖ್ಯೆಯಲ್ಲಿ ಬರೆಯಬೇಕು, ಪರಿಹಾರದ ಮಾತನ್ನು ಮಾತ್ರ ಎತ್ತಬಾರದು ಎಂದೆ. ಕಾದ ಮರಳಿಗೆ ಅಕ್ಕಿ ಬಿದ್ದು, ಅರಳಿ, ಮರಳಿನ ಸಮೇತ ಜರಡಿಗೆ ಬರುತ್ತದೆ. ಆ ಜರಡಿಯನ್ನು ಒಬ್ಬ ಮನುಷ್ಯ ಎರಡು ಕೈಯಲ್ಲಿ ಹಿಡಿದು ಆಡಿಸಿ, ಮರಳನ್ನು ಮತ್ತೆ ಬಾಣಲೆಗೆ ಬೀಳಿಸುತ್ತಾನೆ. ಹುಡುಗರು ಎಣಿಸಿದಾಗ ಅವನು ಗಂಟೆಗೆ ನೂರಾಎಂಬತ್ತಕ್ಕೂ ಹೆಚ್ಚು ಬಾರಿ ಆ ಜರಡಿಯನ್ನು ಎತ್ತುತ್ತಿದ್ದ. ಬೆಂಕಿಗಿಂತ ಹೆಚ್ಚಾಗಿ ಅವನ ಬಲಭುಜವೇ ಅವನನ್ನು ಕೆಲಸ ಬಿಡಿಸುತ್ತಿತ್ತು. ಊಟದ ಹೊತ್ತಿನಲ್ಲಿ ಅವನು ಎಡಗೈಯಲ್ಲಿ ಉಣ್ಣುತ್ತಿದ್ದುದನ್ನು ಕಂಡ ಹುಡುಗಿಯೊಬ್ಬಳು ಅದನ್ನೂ ಬರೆದುಕೊಂಡಿದ್ದಳು. ಹೊಗೆಯ ಕೊಳವೆ ಮಾಡಲು ಹೊರಟಿದ್ದ ತಂಡ ಕೊನೆಗೆ ಕಾಲಿನಿಂದ ತುಳಿದು ಆಡಿಸುವ ತೂಗುಜರಡಿಯನ್ನು ಮಾಡಿತು. ಆ ವರ್ಷ ನನ್ನ ವಿಭಾಗದಲ್ಲಿ ಬಂದ ಪ್ರಾಜೆಕ್ಟುಗಳಲ್ಲಿ ನಾನು ಹೆಚ್ಚು ಮೆಚ್ಚಿದ್ದು ಅದನ್ನೇ. ಅದರಲ್ಲಿ ಒಂದು ಸೆನ್ಸರ್ ಕೂಡ ಇರಲಿಲ್ಲ.

ದೊಡ್ಡವರ ಕೆಲಸದಲ್ಲಿಯೂ ಇದೇ ಹಾದಿ ಕಾಣುತ್ತದೆ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟುಗಳನ್ನು ವಿಶ್ವೇಶ್ವರಯ್ಯನವರು ರೂಪಿಸಿದ್ದು, ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರನ್ನು ಹಿಡಿದಿಡುವುದು ಹೇಗೆಂಬ ನಿರ್ದಿಷ್ಟವಾದ ಪ್ರಶ್ನೆಗೆ ಉತ್ತರವಾಗಿ. 2022ರಲ್ಲಿ ಪದ್ಮಶ್ರೀ ಪಡೆದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಮೊದಲು ಮಾಡಿದ ಸಾಧನ, ಬೆಳಗ್ಗೆ ಬೇಗ ಏಳಲಾಗದ ತಮ್ಮದೇ ತೊಂದರೆಗೆ ಮುಖದ ಮೇಲೆ ನೀರು ಬೀಳಿಸುವ ಎಚ್ಚರಗಡಿಯಾರ. ಮುಂದೆ ಅದೇ ಕಣ್ಣು ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಕೂಲಿಯ ಕಷ್ಟವನ್ನು ಕಂಡು ಯಂತ್ರ ಮಾಡಿತು.

ಪರಿಹಾರ ಗೊತ್ತಿಲ್ಲದಿದ್ದರೂ ಪ್ರಶ್ನೆಯನ್ನು ಬರೆದಿಡಬೇಕು ಎಂಬುದಕ್ಕೆ ಮೈಕೆಲ್ ಫ್ಯಾರಡೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಕಾಂತತ್ವವನ್ನು ವಿದ್ಯುತ್ತಾಗಿ ಮಾರ್ಪಡಿಸಬೇಕು ಎಂದು ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡದ್ದು 1822ರಲ್ಲಿ. ಅದು ಕೈಗೂಡಿದ್ದು 1831ರ ಆಗಸ್ಟ್ 29ರಂದು. ಒಂಬತ್ತು ವರ್ಷ ಆ ಸಾಲು ಅವರಿಗಾಗಿ ಕಾದಿತ್ತು. ಪುಸ್ತಕ ಕಟ್ಟುವವರ ಬಳಿ ಕೆಲಸ ಕಲಿತ ಅವರು ತಮ್ಮ ಟಿಪ್ಪಣಿಗಳನ್ನು ತಾವೇ ಹೊಲಿದು ಕಟ್ಟುತ್ತಿದ್ದರು. ಪ್ರಯೋಗಗಳ ದಿನಚರಿಯಲ್ಲಿ ಒಂದೊಂದು ಕಂಡಿಕೆಗೂ ಸಂಖ್ಯೆ ಹಾಕುತ್ತಾ 16,000 ದಾಟಿದರು. ಸಂಖ್ಯೆಯಿದ್ದರೆ ಹಳೆಯ ಮಾತನ್ನು ಹೊಸ ಮಾತಿಗೆ ಜೋಡಿಸುವುದು ಸುಲಭ, ನೀವೂ ಹಾಗೆ ಮಾಡಿ.

ಆದ್ದರಿಂದ ನಾಲ್ವರೂ ಒಂದೊಂದು ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ ದಿನಕ್ಕೆ ಮೂರರಂತೆ, ಕಂಡ ತೊಂದರೆಗಳನ್ನು ಬಲಪುಟದಲ್ಲಿ ಮಾತ್ರ ಬರೆಯಿರಿ. ಎಡಪುಟ ಖಾಲಿ ಇರಲಿ, ಮುಂದೆ ಹೊಳೆಯುವ ಉಪಾಯಗಳಿಗೆ ಅದು ಬೇಕಾಗುತ್ತದೆ. ಪ್ರತಿಯೊಂದರಲ್ಲೂ ಯಾರು, ಎಲ್ಲಿ, ಎಷ್ಟು ಹೊತ್ತು, ಎಷ್ಟು ತೂಕ, ಈಗ ಏನು ಮಾಡಿ ಸುಧಾರಿಸಿಕೊಳ್ಳುತ್ತಿದ್ದಾರೆ ಎಂಬುದು ಇರಲಿ. ಕೊನೆಯದು ಬಹಳ ಮುಖ್ಯ. ಜನರು ತಂತಿ ಕಟ್ಟಿ, ಗೋಣಿ ಸುತ್ತಿ, ಕಲ್ಲು ಒತ್ತಿಟ್ಟು ಸುಧಾರಿಸಿಕೊಂಡಿರುವ ಕಡೆಯಲ್ಲೆಲ್ಲ ಒಂದು ಪ್ರಾಜೆಕ್ಟು ಅಡಗಿದೆ. ನೀವು ತಿಪಟೂರಿನವರು. ಕೊಬ್ಬರಿಯ ಅಟ್ಟವನ್ನು ಮನೆಯಲ್ಲೇ ಇಟ್ಟುಕೊಂಡು ವಿಷಯ ಸಿಗುತ್ತಿಲ್ಲ ಎನ್ನುತ್ತೀರಲ್ಲ, ಮೊದಲು ಅಲ್ಲಿಗೆ ಹತ್ತಿ ನೋಡಿ.

ಉತ್ತರ 2: ಪಂಪು ವಿನ್ಯಾಸ ಎಂಜಿನಿಯರ್, ಬೆಂಗಳೂರು

ಪ್ರಾಧ್ಯಾಪಕರು ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ನಾನು ಬರೆದಿಡುವ ಕ್ರಮದ ಬಗ್ಗೆ ಮತ್ತು ಕಳವಿನ ಭಯದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ ಎರಡರಲ್ಲೂ ನಾನು ಪೆಟ್ಟು ತಿಂದು ಕಲಿತವಳು.

ನನ್ನ ಮೊದಲ ಕೆಲಸದಲ್ಲಿ ಸೋರಿಕೆ ತಡೆಯುವ ಒಂದು ಸೀಲಿನ ವಸ್ತುವನ್ನು ಬದಲಿಸಿ ನೋಡಲು ನಾವು ನಾಲ್ಕು ತಿಂಗಳು ಪರೀಕ್ಷೆ ನಡೆಸಿದೆವು. ಬಿಸಿ ಏರಿದಾಗ ಅದು ಉಬ್ಬಿ ಶಾಫ್ಟನ್ನು ಕಚ್ಚಿಕೊಳ್ಳುತ್ತಿತ್ತು. ಕೈಬಿಟ್ಟೆವು. ಒಂದು ದಿನ ಬೇರೆ ಕಡತ ಹುಡುಕುವಾಗ ಹಳೆಯ ಬಿಲ್ಲೊಂದು ಸಿಕ್ಕಿತು. ಮೂರು ವರ್ಷ ಹಿಂದೆ ಅದೇ ವಸ್ತುವನ್ನು ಅದೇ ವಿಭಾಗ ತರಿಸಿತ್ತು. ಆಗ ಕೆಲಸದಲ್ಲಿದ್ದ ಹಿರಿಯರನ್ನು ವಿಚಾರಿಸಿದರೆ, “ಹೌದಮ್ಮ, ಅದು ಉಬ್ಬುತ್ತದೆ, ನಾವೂ ನೋಡಿ ಬಿಟ್ಟಿದ್ದೆವು” ಎಂದರು. ಸೋತ ಪ್ರಯೋಗವನ್ನು ಬರೆಯುವುದೇನಿದೆ ಎಂದು ಯಾರೂ ಬರೆದಿರಲಿಲ್ಲ. ಅಂದಿನಿಂದ ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಸೋತದ್ದನ್ನು ಗೆದ್ದದ್ದಕ್ಕಿಂತ ವಿವರವಾಗಿ ಬರೆಯುತ್ತೇನೆ.

ಹೊಲಿದ ಬೈಂಡಿನ, ರಟ್ಟು ಹೊದಿಕೆಯ ಪುಸ್ತಕವನ್ನೇ ಬಳಸಿ. ಸ್ಪೈರಲ್ ಪುಸ್ತಕದಲ್ಲಿ ಹಾಳೆ ಹರಿದರೆ ಗೊತ್ತಾಗುವುದಿಲ್ಲ. ಕೊಂಡ ದಿನವೇ ಎಲ್ಲ ಪುಟಗಳಿಗೂ ಸಂಖ್ಯೆ ಹಾಕಿ, ಮೊದಲ ನಾಲ್ಕು ಪುಟಗಳನ್ನು ಪರಿವಿಡಿಗೆ ಬಿಡಿ. ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ. ಗೆರೆಯ ಕೆಳಗಿನ ತಪ್ಪು ಓದಲು ಬರುವಂತಿರಬೇಕು. ಇಂದು ತಪ್ಪೆನಿಸಿದ ಅಂಕಿ ಮುಂದಿನ ತಿಂಗಳು ಸರಿಯೆನಿಸಿದ್ದನ್ನು ನಾನು ಬಹಳ ಸಲ ಕಂಡಿದ್ದೇನೆ. ದಿನಾಂಕವಿಲ್ಲದ ಪುಟ ಇರಕೂಡದು. ಚಿತ್ರ ಬಿಡಿಸಿದರೆ ಅಂದ ಬೇಕಿಲ್ಲ, ಅಳತೆ ಬೇಕು. ವಾರಕ್ಕೊಮ್ಮೆ ತಂಡದ ಇನ್ನೊಬ್ಬರು ಓದಿ, “ಓದಿ ತಿಳಿದುಕೊಂಡಿದ್ದೇನೆ” ಎಂದು ಸಹಿ ಮಾಡಲಿ. ಓದಿದವರಿಗೆ ಅರ್ಥವಾಗದಿದ್ದರೆ ನೀವು ಸರಿಯಾಗಿ ಬರೆದಿಲ್ಲ ಎಂದು ಆಗಲೇ ತಿಳಿಯುತ್ತದೆ.

ಬಲಪುಟದಲ್ಲಿ ತೊಂದರೆಗಳು ತುಂಬಿದ ಮೇಲೆ ಎಡಪುಟಕ್ಕೆ ಹೇಗೆ ಹೋಗುವುದು? ಸೋವಿಯತ್ ಒಕ್ಕೂಟದ ಗೆನ್ರಿಖ್ ಆಲ್ಟ್‌ಶುಲ್ಲರ್ 1946ರಿಂದ ಪೇಟೆಂಟ್ ದಾಖಲೆಗಳನ್ನು ರಾಶಿ ರಾಶಿಯಾಗಿ ಓದಿ, ಒಳ್ಳೆಯ ಆವಿಷ್ಕಾರಗಳ ಒಳಗೆ ಒಂದು ವಿರೋಧ ಬಗೆಹರಿದಿರುತ್ತದೆ ಎಂದು ಗುರುತಿಸಿದರು. ಟ್ರಿಜ್ ಎಂಬ ಹೆಸರಿನ ಅವರ ವಿಧಾನದಲ್ಲಿ ಅಂತಹ ವಿರೋಧಗಳನ್ನು ಬಿಡಿಸುವ 40 ಸೂತ್ರಗಳಿವೆ. ಅವೆಲ್ಲವನ್ನೂ ನೀವು ಈಗ ಕಲಿಯಬೇಕಾಗಿಲ್ಲ. ವಿರೋಧವನ್ನು ಒಂದು ವಾಕ್ಯದಲ್ಲಿ ಬರೆಯುವುದನ್ನು ಕಲಿತರೆ ಸಾಕು. ನನ್ನ ಕಸುಬಿನ ಉದಾಹರಣೆ ಕೊಡುತ್ತೇನೆ. ಕೊಳವೆಬಾವಿಯ ನೀರು ಬಹಳ ಎತ್ತರಕ್ಕೆ ಏರಬೇಕಾದ್ದರಿಂದ ಪಂಪಿನ ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ತಿರುಗುಚಕ್ರ, ದೊಡ್ಡದಿರಬೇಕು, ಆದರೆ ಕೊಳವೆ ಕಿರಿದಾದ್ದರಿಂದ ಅದು ಚಿಕ್ಕದಿರಬೇಕು. ಹೀಗೆ ಬರೆದ ಕೂಡಲೇ, ಚಿಕ್ಕ ಇಂಪೆಲ್ಲರುಗಳನ್ನು ಒಂದರ ಮೇಲೊಂದು ಜೋಡಿಸಿ ಒತ್ತಡವನ್ನು ಹಂತ ಹಂತವಾಗಿ ಏರಿಸಬಹುದೆಂಬ ದಾರಿ ಕಾಣತೊಡಗುತ್ತದೆ. ನಮ್ಮ ಹೊಲಗಳ ಸಬ್‌ಮರ್ಸಿಬಲ್ ಪಂಪುಗಳೆಲ್ಲ ಹಾಗೆಯೇ ಇರುವುದು. “ಕಾರ್ಯಕ್ಷಮತೆ ಹೆಚ್ಚಿಸಬೇಕು” ಎಂದು ಬರೆದಿದ್ದರೆ ಯಾವ ದಾರಿಯೂ ಕಾಣುತ್ತಿರಲಿಲ್ಲ.

ಇನ್ನು ಕಳವಿನ ಮಾತು. ಸಹಿ, ದಿನಾಂಕ ಇರುವ ಪುಸ್ತಕವೇ ಹಕ್ಕುಪತ್ರ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಭಾರತದಲ್ಲಿ ಪೇಟೆಂಟಿಗೆ ಮೊದಲು ಅರ್ಜಿ ಸಲ್ಲಿಸಿದವರಿಗೆ ಆದ್ಯತೆಯೇ ಹೊರತು ಮೊದಲು ಬರೆದಿಟ್ಟವರಿಗಲ್ಲ. ಮೊದಲು ಕಂಡುಹಿಡಿದವರಿಗೆ ಆದ್ಯತೆ ಎಂಬ ಪದ್ಧತಿ ಅಮೆರಿಕದಲ್ಲಿತ್ತು, 2013ರ ಮಾರ್ಚ್‌ನಿಂದ ಅಲ್ಲಿಯೂ ಹೋಯಿತು. ಆದರೂ ಪುಸ್ತಕಕ್ಕೆ ಬೆಲೆಯಿದೆ. ನಾಲ್ವರಲ್ಲಿ ಯಾವ ಭಾಗವನ್ನು ಯಾರು ಕಂಡುಕೊಂಡರು, ಗೈಡ್ ಪಾಲು ಎಷ್ಟು ಎಂಬ ವಿಚಾರದಲ್ಲಿ ಜಗಳ ಬಂದರೆ ಅದು ಸಾಕ್ಷಿಯಾಗುತ್ತದೆ. ನೀವು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಕಳ್ಳರಿಗಿಂತ ನಿಮ್ಮದೇ ಬಾಯಿಯ ಬಗ್ಗೆ. ಪ್ರದರ್ಶನದಲ್ಲಿಟ್ಟು ಎಲ್ಲವನ್ನೂ ವಿವರಿಸಿದರೆ ಅಥವಾ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರೆ ಆ ಆವಿಷ್ಕಾರದ ಹೊಸತನವೇ ಕಾನೂನಿನ ಕಣ್ಣಿನಲ್ಲಿ ಹೋಗಿಬಿಡಬಹುದು. 1970ರ ಪೇಟೆಂಟ್ ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿದ್ದರೂ ಅವು ಬಹಳ ಕಿರಿದು. ಪೇಟೆಂಟಿನ ಯೋಚನೆ ಇದ್ದರೆ ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, 12 ತಿಂಗಳ ಒಳಗೆ ಪೂರ್ಣ ವಿವರಣೆ ಕೊಡಬಹುದು. ವ್ಯಕ್ತಿಗಳು ಆನ್‌ಲೈನಿನಲ್ಲಿ ಸಲ್ಲಿಸಿದರೆ ಅರ್ಜಿ ಶುಲ್ಕ 1,600 ರೂಪಾಯಿ. ನಿಮ್ಮ ಗೈಡ್‌ಗೆ, ತಂಡದವರಿಗೆ, ತೊಂದರೆ ಅನುಭವಿಸುತ್ತಿರುವವರಿಗೆ ಧಾರಾಳವಾಗಿ ಹೇಳಿ. ಹೇಳದೆ ಮುಚ್ಚಿಟ್ಟುಕೊಂಡ ಆಲೋಚನೆಯ ದೋಷವನ್ನು ತೋರಿಸಿಕೊಡುವವರು ಯಾರೂ ಇರುವುದಿಲ್ಲ.

ಉತ್ತರ 3: ಪಾಲಿಟೆಕ್ನಿಕ್ ಉಪನ್ಯಾಸಕಿ, ಕಲಬುರಗಿ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದೆರಡು ಕಡೆ ನನ್ನ ಭಿನ್ನಾಭಿಪ್ರಾಯವನ್ನು ಹೇಳಬೇಕು.

ಏಳು ವಾರ ಉಳಿದಿರುವಾಗ ನಾಲ್ವರೂ ಎರಡು ವಾರ ಬೇರೆ ಬೇರೆ ಕಡೆ ನೋಡುತ್ತಾ ಹೋದರೆ ಸಮಯ ಸಾಲದು. ಒಂದು ವಾರ ನೋಡಿ, ಎಂಟನೆಯ ದಿನ ಕುಳಿತು ಒಂದು ತೊಂದರೆಯನ್ನು ಆರಿಸಿ. ಆರಿಸಿದ ಮೇಲೆ ಒಟ್ಟಿಗೆ ಕುಳಿತು ಬಾಯಿಮಾತಿನಲ್ಲಿ ಚರ್ಚಿಸುವುದನ್ನು ನಾನು ಬೇಡವೆನ್ನುತ್ತೇನೆ. ಗುಂಪಿನಲ್ಲಿ ಒಬ್ಬರು ಮಾತನಾಡುವಾಗ ಉಳಿದವರು ತಮ್ಮ ಸರದಿ ಕಾಯುತ್ತಾ ಹೊಳೆದದ್ದನ್ನು ಮರೆಯುತ್ತಾರೆ. ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬ 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಟ್ಟಾಗಿ ಚರ್ಚಿಸಿದ ಗುಂಪಿಗಿಂತ ಅಷ್ಟೇ ಜನ ಬೇರೆ ಬೇರೆ ಕುಳಿತಾಗ ಹೆಚ್ಚು ಆಲೋಚನೆಗಳು ಬಂದವು. ಸರದಿ ಕಾಯುವುದೇ ಇದಕ್ಕೆ ಮುಖ್ಯ ಕಾರಣವೆಂದು ಅವರು ಕಂಡುಕೊಂಡರು. ನನ್ನ ತರಗತಿಯಲ್ಲಂತೂ ಹುಡುಗಿಯರು ಕೊನೆಯವರೆಗೂ ಬಾಯಿ ತೆರೆಯುವುದೇ ಇಲ್ಲ, ಬರೆಯಲು ಕೊಟ್ಟರೆ ಅವರ ಹಾಳೆಗಳೇ ಮೊದಲು ತುಂಬುತ್ತವೆ.

ಜರ್ಮನಿಯ ಬರ್ಂಡ್ ರೋರ್‌ಬಾಖ್ 1968ರಲ್ಲಿ ತಿಳಿಸಿದ ಬರೆಯುವ ವಿಧಾನವನ್ನು ನಾವು ಪಾಲಿಸುತ್ತೇವೆ. ಮೂಲದಲ್ಲಿ ಆರು ಜನ, ಮೂರು ಆಲೋಚನೆ, ಐದು ನಿಮಿಷ. ನಾಲ್ವರಿಗೆ ಹೀಗೆ ಹೊಂದಿಸಿಕೊಳ್ಳಿ: ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಐದು ನಿಮಿಷ ಮೂರು ಉಪಾಯ ಬರೆದು ಪಕ್ಕದವರಿಗೆ ದಾಟಿಸಬೇಕು, ಅವರು ಅದನ್ನು ಓದಿ ಅದರ ಮೇಲೆ ಕಟ್ಟಿ ಇನ್ನು ಮೂರು ಬರೆಯಬೇಕು. ನಾಲ್ಕು ಸುತ್ತಿಗೆ ಇಪ್ಪತ್ತು ನಿಮಿಷದಲ್ಲಿ ನಲವತ್ತೆಂಟು ಉಪಾಯಗಳಾಗುತ್ತವೆ. ಅವುಗಳಲ್ಲಿ ನಲವತ್ತು ಕೆಲಸಕ್ಕೆ ಬಾರದಿದ್ದರೂ ಚಿಂತೆಯಿಲ್ಲ. ಹಾಳೆಗಳನ್ನು ಮಾತ್ರ ಎಸೆಯದೆ ಪುಸ್ತಕಕ್ಕೆ ಅಂಟಿಸಿ.

ಪುಸ್ತಕವೊಂದೇ ಸಾಕೆಂಬ ಮಾತನ್ನೂ ನಾನು ಒಪ್ಪಲಾರೆ. ಬಸ್ಸಿನಲ್ಲಿ ನಿಂತವರು ಬೈಂಡಿನ ಪುಸ್ತಕ ತೆಗೆದು ಬರೆಯುವುದುಂಟೇ? ಹೊಳೆದ ಕ್ಷಣದಲ್ಲಿ ಫೋನಿನಲ್ಲಿ ಕನ್ನಡದಲ್ಲೇ ಮಾತನಾಡಿ ಧ್ವನಿ ಮುದ್ರಿಸಿಕೊಳ್ಳಿ. ನಮ್ಮ ಭಾಷೆಯಲ್ಲಿ ಹೇಳಿಕೊಂಡಾಗ ತೊಂದರೆಯ ನಿಜವಾದ ರೂಪ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯಹೊರಟರೆ ಗೊತ್ತಿರುವ ನಾಲ್ಕು ದೊಡ್ಡ ಪದಗಳೇ ಬಂದು ಕೂರುತ್ತವೆ. ಆದರೆ ಅದೇ ದಿನ ರಾತ್ರಿ ಆ ಮುದ್ರಿಕೆಯನ್ನು ಕೇಳಿ ಪುಸ್ತಕಕ್ಕೆ ಇಳಿಸಬೇಕು. ಇಳಿಸದಿದ್ದರೆ ಫೋನೂ ವಾಟ್ಸಾಪಿನಂತೆಯೇ ಆಗುತ್ತದೆ.

ಹಿಂದೆ ಯಾರಾದರೂ ಮಾಡಿದ್ದಾರೆಯೇ ಎಂದು ನೋಡುವುದು ತೊಂದರೆಯನ್ನು ಆರಿಸಿದ ನಂತರದ ಕೆಲಸ. ನೀವು ಅದನ್ನು ಮೊದಲಿಗೆ ಮಾಡಿದ್ದರಿಂದಲೇ ಕಂಗೆಟ್ಟಿದ್ದೀರಿ. ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಮತ್ತು ಭಾರತೀಯ ಪೇಟೆಂಟ್ ಕಚೇರಿಯ ಹುಡುಕು ತಾಣ ಮೂರೂ ಉಚಿತ. ಯಾವ ಪದ ಹಾಕಿ ಹುಡುಕಿದಿರಿ, ಯಾವ ದಿನ, ಏನು ಸಿಕ್ಕಿತು ಎಂಬುದನ್ನೂ ಬರೆಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಅಂತಿಮ ವರ್ಷದ ಪ್ರಾಜೆಕ್ಟುಗಳಿಗೆ ಹಣಕಾಸಿನ ನೆರವು ಕೊಡುವ ಕಾರ್ಯಕ್ರಮವೊಂದನ್ನು ದಶಕಗಳಿಂದ ನಡೆಸುತ್ತಿದೆ. ಅದಕ್ಕೆ ಕಾಲೇಜಿನ ಮೂಲಕವೇ ಅರ್ಜಿ ಹೋಗಬೇಕು. ಅರ್ಜಿ ಬರೆಯುವಾಗ ನಿಮ್ಮ ಪುಸ್ತಕದ ಅಂಕಿಗಳೇ ನಿಮ್ಮ ಪರವಾಗಿ ಮಾತನಾಡುತ್ತವೆ.

ಕೊನೆಗೆ ಒಂದು ಪರೀಕ್ಷೆ. ಆರಿಸಿಕೊಂಡ ಉಪಾಯದ ಅತಿ ಅನುಮಾನಾಸ್ಪದ ಭಾಗವನ್ನು ಒಂದು ವಾರದಲ್ಲಿ, ಐನೂರು ರೂಪಾಯಿಯೊಳಗೆ, ಮನೆಯಲ್ಲಿರುವ ಸಾಮಾನಿನಿಂದ ಪರೀಕ್ಷಿಸಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಸಾಧ್ಯವಿಲ್ಲವಾದರೆ ಆ ಪ್ರಾಜೆಕ್ಟು ನಿಮ್ಮ ಅವಧಿಗೆ ದೊಡ್ಡದಾಯಿತು, ಕತ್ತರಿಸಿ ಚಿಕ್ಕದು ಮಾಡಿ.

ಪ್ರಶ್ನೆ ಕೇಳಿದವರಿಂದ, ನಾಲ್ಕು ವಾರಗಳ ನಂತರ

ಮೂವರಿಗೂ ನಮ್ಮ ತಂಡದ ಪರವಾಗಿ ವಂದನೆಗಳು. ಏನಾಯಿತೆಂದು ತಿಳಿಸಬೇಕಾದದ್ದು ನನ್ನ ಕರ್ತವ್ಯ.

ಮೊದಲ ವಾರ ನಾಲ್ವರೂ ಸೇರಿ ಎಪ್ಪತ್ತಮೂರು ತೊಂದರೆಗಳನ್ನು ಬರೆದೆವು. ಅವುಗಳಲ್ಲಿ ಹನ್ನೊಂದು ನಮ್ಮ ಮನೆಯ ಕೊಬ್ಬರಿ ಅಟ್ಟದ್ದೇ. ಹುಟ್ಟಿದಾಗಿನಿಂದ ನೋಡಿದ ಅಟ್ಟವಾದರೂ ಪುಸ್ತಕ ಹಿಡಿದು ಹತ್ತಿದ್ದು ಅದೇ ಮೊದಲು. ಬೇರೆ ಊರಿನವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಉಂಡೆ ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಹಸಿ ತಿರುಳಿನಲ್ಲಿ ಸುಮಾರು ಅರ್ಧದಷ್ಟಿರುವ ತೇವ ಒಳ್ಳೆಯ ಕೊಬ್ಬರಿಯಾಗುವಾಗ ಶೇಕಡ 6-7ಕ್ಕೆ ಇಳಿದಿರುತ್ತದೆ. ಆದರೆ ಕೆಲವು ಕಾಯಿ ಒಳಗೇ ಕೆಟ್ಟು ಕೌಟಾಗುತ್ತವೆ. ಅದು ತಿಳಿಯುವುದು ಸಿಪ್ಪೆ ಸುಲಿದು, ಮಚ್ಚಿನಿಂದ ಚಿಪ್ಪು ಬಿಡಿಸಿದ ಮೇಲೆ, ಅಂದರೆ ಎರಡು ಕೂಲಿ ಕೊಟ್ಟಾದ ಮೇಲೆ. ಉತ್ತರ 2ರ ಮೇಡಂ ಹೇಳಿದಂತೆ ವಿರೋಧವನ್ನು ಒಂದು ವಾಕ್ಯದಲ್ಲಿ ಬರೆದೆವು: “ಕಾಯಿಯ ಒಳಗನ್ನು ನೋಡಬೇಕು, ಆದರೆ ಕಾಯಿಯನ್ನು ತೆರೆಯಬಾರದು.”

ನಲವತ್ತೆಂಟು ಉಪಾಯಗಳಲ್ಲಿ ನಮಗೆ ಅತಿ ಸುಲಭವೆಂದು ಕಂಡದ್ದು ತೂಕ. ಕೆಟ್ಟದ್ದು ಹಗುರವಿರಬೇಕು ಎಂದುಕೊಂಡು ನಲವತ್ತು ಕಾಯಿಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆವು. ನಾವು ತೂಗುತ್ತಿರುವಾಗ ನಮ್ಮ ಅಜ್ಜಿ ಅಟ್ಟದ ಏಣಿಯ ಬಳಿ ಬಂದು ಕುಳಿತು, ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಎತ್ತಿ ಅಲ್ಲಾಡಿಸಿ, “ಇದು ಆಗಿದೆ, ಇದು ಕೌಟು, ಇದಕ್ಕಿನ್ನೂ ತಿಂಗಳು ಬೇಕು” ಎಂದು ಹೇಳತೊಡಗಿದರು. ಸುಮ್ಮನೆ ಇರಲಿ ಎಂದು ಅವರ ಮಾತನ್ನೂ ತೂಕದ ಪಕ್ಕದ ಸಾಲಿನಲ್ಲಿ ಬರೆದುಕೊಂಡೆ. ಅನಂತರ ನಲವತ್ತನ್ನೂ ಸುಲಿದು ಒಡೆಸಿದೆವು.

ಆ ಪುಟವನ್ನು ಹಾಗೆಯೇ ಇಲ್ಲಿ ಇಳಿಸುತ್ತೇನೆ.

“ಪುಟ 31. ಭಾನುವಾರ. ಕಾಯಿಗಳು 40. ತೂಕ ಸಿಪ್ಪೆ ಸಮೇತ 490ರಿಂದ 720 ಗ್ರಾಂ. ಒಡೆದಾಗ ಚೆನ್ನಾಗಿದ್ದವು 31, ಕೌಟು 6, ಇನ್ನೂ ಹಸಿ 3. ಕೌಟಾದವುಗಳ ತೂಕ 505, 540, 588, 610, 655, 690. ಒಳ್ಳೆಯವುಗಳ ತೂಕವೂ ಇದೇ ಹರವಿನಲ್ಲಿದೆ. ಸಿಪ್ಪೆಯ ದಪ್ಪ ಕಾಯಿಯಿಂದ ಕಾಯಿಗೆ ಬಹಳ ಬೇರೆಯಾಗಿರುವುದರಿಂದ ಒಳಗಿನ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತಿದೆ. ತೂಕದಿಂದ ಬೇರ್ಪಡಿಸಲು ಆಗದು. ಅಜ್ಜಿ ಹೇಳಿದ್ದು 40ರಲ್ಲಿ 37 ಸರಿ. ಪ್ರಶ್ನೆ: ಅಜ್ಜಿಗೆ ಕೇಳಿಸುತ್ತಿರುವುದು ಏನು?”

ಗೈಡ್ ಈ ಪುಟವನ್ನು ಎರಡು ಸಲ ಓದಿ, ಮೊದಲ ಬಾರಿಗೆ ನಮ್ಮನ್ನು ಕುಳಿತುಕೊಳ್ಳಲು ಹೇಳಿದರು. ವಿಷಯ ಒಪ್ಪಿಗೆಯಾಗಿದೆ. ಕಾಯಿಯನ್ನು ಒಂದೇ ಬಗೆಯಲ್ಲಿ ಅಲ್ಲಾಡಿಸುವ ಸಣ್ಣ ತೊಟ್ಟಿಲು, ಅದರ ತಳಕ್ಕೆ ಅಂಟಿಸಿದ ಕಂಪನ ಹಿಡಿಯುವ ಪಿಯೆಜೊ ಬಿಲ್ಲೆ, ಇಷ್ಟು ಮೊದಲ ಹಂತ. ಕೌಟಿನ ಸದ್ದು “ಬೊದ್ದು” ಎಂದೂ ಆದ ಕಾಯಿಯ ಸದ್ದು “ಗಟ್ಟಿ” ಎಂದೂ ಅಜ್ಜಿ ಹೇಳುತ್ತಾರೆ. ಆ ಎರಡು ಪದಗಳನ್ನು ಹರ್ಟ್ಸ್‌ಗಳಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕದಲ್ಲಿ, ಹೇಳಲು ಸಾಧ್ಯವೇ ಎಂಬುದು ನಮ್ಮ ಪ್ರಾಜೆಕ್ಟು. ಅಂಗಡಿಯ ಮಾತೆತ್ತಿದ್ದ ಗೆಳೆಯರಿಬ್ಬರೂ ಈಗ ಪ್ರತಿ ಭಾನುವಾರ ಬೆಳಗ್ಗೆ ಎಂಟಕ್ಕೇ ನಮ್ಮ ಮನೆಗೆ ಬರುತ್ತಾರೆ.

ಉತ್ತರ 1ರ ಪ್ರಾಧ್ಯಾಪಕರಿಂದ

ಪುಟ 31 ಓದಿ ಬಹಳ ಸಂತೋಷವಾಯಿತು. ತೂಕದ ಪ್ರಯೋಗ ಸೋತದ್ದನ್ನು ಅಂಕಿ ಸಮೇತ ಬರೆದಿದ್ದೀರಿ, ವರದಿಯಲ್ಲಿ ಅದಕ್ಕೆ ಒಂದು ಪೂರ್ತಿ ಅಧ್ಯಾಯ ಕೊಡಿ. ನಲವತ್ತು ಕಾಯಿ ಬಹಳ ಕಡಿಮೆ, ಅದರಲ್ಲೂ ಕೌಟು ಆರೇ ಇವೆ. ಮುಂದಿನ ಸಲ ಇನ್ನೂರಾದರೂ ಇರಲಿ. ಅಜ್ಜಿಗೆ ಕಾಯಿ ಕೊಡುವವರಿಗೆ ಅದರ ತೂಕ ತಿಳಿದಿರಬಾರದು. ಒಂದೇ ಕಾಯಿಯನ್ನು ಅವರಿಗೆ ತಿಳಿಯದಂತೆ ಎರಡು ಸಲ ಕೊಟ್ಟು, ಎರಡು ಸಲವೂ ಒಂದೇ ಉತ್ತರ ಬರುತ್ತದೆಯೇ ನೋಡಿ.

ಇನ್ನೊಂದು ಪ್ರಶ್ನೆ. ಅಜ್ಜಿ ತಪ್ಪಿದ ಆ ಮೂರು ಕಾಯಿಗಳ ಸಂಖ್ಯೆ ಯಾವುದು, ಅವು ಅಟ್ಟದ ಯಾವ ಭಾಗದಿಂದ ಬಂದವು ಎಂಬುದನ್ನು ಬರೆದಿದ್ದೀರಾ?

ಪ್ರಶ್ನೆ ಕೇಳಿದವರಿಂದ

ಬರೆದಿದ್ದೇವೆ ಸರ್. 7, 22 ಮತ್ತು 23. ಮೂರೂ ಒಳ್ಳೆಯವೆಂದು ಅಜ್ಜಿ ಹೇಳಿದ್ದರು, ಮೂರೂ ಕೌಟಾಗಿದ್ದವು. 22 ಮತ್ತು 23 ಪಡುವಣ ಮೂಲೆಯಲ್ಲಿ ಹೆಂಚು ಸೋರುವ ಜಾಗದಿಂದ ಬಂದವು. 7ನೆಯದು ಎಲ್ಲಿಂದ ಬಂದದ್ದೆಂದು ಬರೆದಿಲ್ಲ. ಈ ಭಾನುವಾರದಿಂದ ಪ್ರತಿ ಕಾಯಿಯ ಜಾಗವನ್ನೂ ಬರೆಯುತ್ತೇವೆ.